ಕಾರುಗೇಟೆಡ್ ರಟ್ಟಿನ ತಯಾರಿಕೆ ಮತ್ತು ಒಣಗಿಸುವ ವಿಧಾನ: ಬೀದರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಔಷಧಿ, ಆಹಾರ ಪದಾರ್ಥ, ಬಿದರಿ ಕಲಾವಸ್ತು ಮುಂತಾದವುಗಳ ಸಾಗಾಣಿಕೆಗೆ ಕಾರುಗೇಟೆಡ್ ರಟ್ಟಿನ ಪೆಟ್ಟಿಗೆಗಳು ಉಪಯುಕ್ತವಾಗಿವೆ. ಅರೆ-ಸ್ವಯಂಚಾಲಿತ ಯಂತ್ರಗಳಿಂದ ಇವುಗಳನ್ನು ಸಣ್ಣ ಪ್ರಮಾಣದಲ್ಲಿಯೂ ತಯಾರಿಸಬಹುದಾಗಿದೆ. ಬೀದರ ನಗರ, ಭಾಲ್ಕಿ ಅಥವಾ ಔರಾದಿನಲ್ಲಿ ಇಂತಹ ಘಟಕ ಸ್ಥಾಪಿಸಲು ಇಚ್ಛಿಸುವವರು ಒಣಗಿಸುವ ಹಂತಕ್ಕೆ ವಿಶೇಷ ಗಮನ ನೀಡುವುದು ಅವಶ್ಯಕ.

ತಯಾರಿಕೆಯ ಹಂತಗಳು

1. ಕ್ರಾಫ್ಟ್ ಕಾಗದವನ್ನು ಬಿಸಿ ಮಾಡಿದ ಹಲ್ಲುಳ್ಳ ಎರಡು ರೋಲರುಗಳ ನಡುವೆ ಹಾಯಿಸಿದಾಗ ಅದು ಅಲೆಯಾಕಾರ ಪಡೆಯುತ್ತದೆ. ಅಲೆಗಳ ತುದಿಗೆ ಅಂಟು ಸವರಿ ಸಮತಟ್ಟಾದ ಕಾಗದವನ್ನು ಕೂಡಿಸಲಾಗುತ್ತದೆ. ಇದು 2 ಪದರದ ರಟ್ಟು.
2. ಇದನ್ನು ಅಳತೆಗೆ ಕತ್ತರಿಸಿ, ತೆರೆದ ಅಲೆಗಳ ಮೇಲೆ ಇನ್ನೊಂದು ಕಾಗದ ಅಂಟಿಸಿದರೆ 3 ಪದರದ ಹಾಳೆಯಾಗುತ್ತದೆ. ಭಾರವಾದ ಸರಕಿಗೆ 5 ಪದರದ ಹಾಳೆ ಬಳಸಲಾಗುತ್ತದೆ.
3. ಹಾಳೆಗಳನ್ನು ಸಮನಾಗಿ ಒತ್ತಿ, ಒಣಗಿಸಲಾಗುತ್ತದೆ.
4. ಒಣಗಿದ ಹಾಳೆಗೆ ಮಡಿಕೆಯ ಗೆರೆ ಹಾಗೂ ಸೀಳು ಹಾಕಿ, ತಂತಿಯಿಂದ ಹೊಲಿದು ಪೆಟ್ಟಿಗೆ ಸಿದ್ಧಪಡಿಸಲಾಗುತ್ತದೆ.

ಒಣಗಿಸುವಿಕೆ

ಅಂಟನ್ನು ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟದಿಂದ ತಯಾರಿಸುತ್ತಾರೆ. ಇದರ ಬಹುಭಾಗ ನೀರೇ ಆಗಿರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಹಬೆಯಿಂದ ಕಾದ ಫಲಕಗಳ ಮೇಲೆ ಹಾಳೆಯು ಕೂಡಲೇ ಒಣಗುತ್ತದೆ. ಸಣ್ಣ ಘಟಕಗಳು ಗಾಳಿ ಮತ್ತು ಬಿಸಿಲನ್ನೇ ಅವಲಂಬಿಸುತ್ತವೆ. ತೀವ್ರ ಬಿಸಿಲಿನಲ್ಲಿ ಒಂದೇ ಮಗ್ಗುಲು ಒಣಗಿದರೆ ಹಾಳೆ ಬಾಗುತ್ತದೆ; ಅತಿಯಾಗಿ ಒಣಗಿದ ಹಾಳೆ ಮಡಿಕೆಯಲ್ಲಿ ಬಿರಿಯುತ್ತದೆ.

ಜಿಲ್ಲೆಯ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಈ ಅವಧಿಯಲ್ಲಿ ಹಸಿ ಹಾಳೆಗಳನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ ಹಾಗೂ ಪದರಗಳು ಬಿಡುತ್ತವೆ. ಹೆಚ್ಚು ತೇವವುಳ್ಳ ಗಾಳಿಯಲ್ಲಿ ಪೆಟ್ಟಿಗೆಯ ಭಾರ ತಾಳುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಬಹುದು. ಆಗ ರಾಶಿಯ ಕೆಳಗಿನ ಪೆಟ್ಟಿಗೆಗಳು ಕುಸಿದು, ಸರಕು ಹಿಂದಿರುಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಅರ್ಜಿದಾರರ ಗಮನಕ್ಕೆ

- ಯೋಜನಾ ವರದಿಯಲ್ಲಿ ಗಾಳಿಯಾಡುವ, ಚಾವಣಿಯುಳ್ಳ ಒಣಗಿಸುವ ಶೆಡ್ ಹಾಗೂ ನೆಲದಿಂದ ಎತ್ತರದ ಕಟ್ಟಿಗೆಯ ಅಟ್ಟಣಿಗೆಗಳ ವೆಚ್ಚವನ್ನು ಸೇರಿಸತಕ್ಕದ್ದು.
- ಬಿಸಿಗಾಳಿಯ ಒಣಯಂತ್ರ ಇಲ್ಲದಿದ್ದಲ್ಲಿ, ಮಳೆಗಾಲದ ಉತ್ಪಾದನೆಯನ್ನು ಕಡಿಮೆಯೆಂದೇ ಲೆಕ್ಕ ಹಾಕಿ, ದುಡಿಯುವ ಬಂಡವಾಳವನ್ನು ಅದಕ್ಕೆ ಅನುಗುಣವಾಗಿ ಕೋರುವುದು ಸೂಕ್ತ.
- ಕಾಗದದ ಸುರುಳಿಗಳನ್ನು ಹಸಿ ನೆಲ ಹಾಗೂ ಗೋಡೆಗಳಿಂದ ದೂರವಿರಿಸತಕ್ಕದ್ದು.
- ಕಾರುಗೇಟೆಡ್ ಪೆಟ್ಟಿಗೆಗಳ ಗುಣಮಟ್ಟಕ್ಕಾಗಿ ಭಾರತೀಯ ಮಾನಕ ಐಎಸ್ 2771 ನೋಡಬಹುದು.
- ಉದ್ಯಮ್ ನೋಂದಣಿಯು ಉಚಿತವಾಗಿದ್ದು, ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ.

ಹೆಚ್ಚಿನ ಮಾಹಿತಿಗಾಗಿ ಬೀದರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.