ಮುಂಗಾಲಿಯ ಕೀಲು: ಕಿಂಗ್ ಪಿನ್ನಿನಿಂದ ಬಾಲ್ ಜಾಯಿಂಟಿನವರೆಗೆ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರದ ಕಥೆಯನ್ನು ಹೇಳಿ ಲೇಖನಿಯನ್ನು ಕೆಳಗಿಡುತ್ತಾರೆ. ಯಂತ್ರವನ್ನು ಕಂಡುಹಿಡಿದವರು ಯಾರು, ಅದರ ಪೇಟೆಂಟು ಯಾವ ವರ್ಷದ್ದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಅಧ್ಯಾಯ ಮುಗಿಯುತ್ತದೆ. ಆದರೆ ಯಂತ್ರವೊಂದು ಹುಟ್ಟುವುದು ಒಂದು ಬಾರಿ. ಅದು ದುರಸ್ತಿಯಾಗುವುದು ಸಹಸ್ರಾರು ಬಾರಿ. ಬಳಕೆ ಮತ್ತು ಸಂರಕ್ಷಣೆಗಳನ್ನು ಇತಿಹಾಸದ ಕೇಂದ್ರಕ್ಕೆ ತರಬೇಕೆಂದು ಡೇವಿಡ್ ಎಡ್ಜರ್ಟನ್ ಅವರು 2006ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಆ ದೃಷ್ಟಿಯಿಂದ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನದ ಮುಂಗಾಲಿಯ ಕೀಲನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಈ ಕೀಲಿನ ರೂಪ ಬದಲಾದಂತೆ ದುರಸ್ತಿಗಾರನ ಕೆಲಸದ ಸ್ವರೂಪವೂ ಬದಲಾಯಿತೆಂಬುದು ಇಲ್ಲಿಯ ಪ್ರತಿಪಾದನೆ.

ಮೊದಲು ಸಮಸ್ಯೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಎತ್ತಿನ ಬಂಡಿಯ ಗಾಲಿಗೆ ಭಾರ ಹೊತ್ತು ಉರುಳುವುದಷ್ಟೇ ಕರ್ತವ್ಯ. ಕಡಾಣಿಯೊಂದು ಭದ್ರವಾಗಿದ್ದರೆ ಸಾಕು. ಸಾಮಾನ್ಯ ಮೋಟಾರಿನ ಮುಂಗಾಲಿಯು ಭಾರವನ್ನೂ ಹೊರಬೇಕು, ಎಡಬಲಕ್ಕೂ ತಿರುಗಬೇಕು. ನಾಲ್ಕು ಚಕ್ರಗಳ ಚಾಲನೆಯಲ್ಲಿ ಇವೆರಡರ ಜೊತೆಗೆ ಎಂಜಿನ್ನಿನ ಶಕ್ತಿಯೂ ಅದೇ ಗಾಲಿಗೆ ಮುಟ್ಟಬೇಕು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೋ ಜಾಕೋ ಮತ್ತು ವಿಲಿಯಂ ಬೆಸರ್‌ಡಿಕ್ ಎಂಬ ಭಾವಮೈದುನರು ಈ ತೊಡಕನ್ನು ಬಿಡಿಸಿ 1908ರಲ್ಲಿ ಪೇಟೆಂಟು ಪಡೆದರು. ಶಕ್ತಿಯನ್ನೊಯ್ಯುವ ಜಾಯಿಂಟನ್ನು ಗೋಲಾಕಾರದ ಕವಚದೊಳಗಿಟ್ಟು, ಆ ಕವಚದ ಮೇಲೆಯೇ ಗಾಲಿ ತಿರುಗುವಂತೆ ಮಾಡಿದ್ದು ಅವರ ಯುಕ್ತಿ. ಅವರಿಂದ ಸ್ಥಾಪಿತವಾದ ಸಂಸ್ಥೆಯ ಟ್ರಕ್ಕುಗಳು ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಓಡಾಡಿದವು.

ಇನ್ನೊಂದು ತೊಡಕು ಉಳಿದಿತ್ತು. ಸಾಧಾರಣ ಯೂನಿವರ್ಸಲ್ ಜಾಯಿಂಟು ಬಾಗಿದ ಸ್ಥಿತಿಯಲ್ಲಿ ಒಂದೇ ವೇಗದಿಂದ ಸುತ್ತುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ವೇಗ ಹೆಚ್ಚುಕಡಮೆಯಾಗುತ್ತದೆ. ಇದನ್ನು ನಿವಾರಿಸುವ ಸಮವೇಗದ ಜಾಯಿಂಟುಗಳು 1920ರ ದಶಕದಲ್ಲಿ ರೂಪುಗೊಂಡವು. ಫ್ರಾನ್ಸಿನಲ್ಲಿ ಪಿಯರ್ ಫೆನಾಯ್ ಮತ್ತು ಗ್ರೆಗ್ವಾರ್ ಅವರ ಟ್ರಾಕ್ಟಾ, ಅಮೆರಿಕದಲ್ಲಿ ಆಲ್ಫ್ರೆಡ್ ರ್‌ಜೆಪ್ಪಾ ಅವರ ಜಾಯಿಂಟು, ಬೆಂಡಿಕ್ಸ್-ವೈಸ್ ಜಾಯಿಂಟು ಇವು ಮುಖ್ಯವಾದವು. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಕೂಡಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ತಯಾರಿಸಿದಾಗ, ಈ ಮೂರರ ಜೊತೆಗೆ ಸ್ಪೈಸರ್ ಜಾಯಿಂಟನ್ನೂ ಬಳಸಲಾಯಿತು.

ಇಲ್ಲಿ ನಮಗೆ ಮುಖ್ಯವಾದುದು ಜಾಯಿಂಟಲ್ಲ, ಅದರ ಸುತ್ತಲಿನ ರಚನೆ. ಯುದ್ಧಕಾಲದ ಜೀಪಿನ ಆಕ್ಸಲ್ಲಿನ ತುದಿಯಲ್ಲಿ ಟೊಳ್ಳಾದ ಗೋಲವೊಂದಿರುತ್ತಿತ್ತು. ಅದರ ಮೇಲೊಂದು ಕೆಳಗೊಂದು ಕಿಂಗ್ ಪಿನ್ನು; ಪ್ರತಿಯೊಂದಕ್ಕೂ ರೋಲರ್ ಬೇರಿಂಗು; ಬೇರಿಂಗಿನ ಮುಚ್ಚಳದಡಿಯಲ್ಲಿ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳು. ಸವೆತದಿಂದ ಗಾಲಿ ಅಲುಗಾಡತೊಡಗಿದರೆ ದುರಸ್ತಿಗಾರನು ಮುಚ್ಚಳ ಬಿಚ್ಚಿ, ಬಿಲ್ಲೆಯೊಂದನ್ನು ತೆಗೆದು ಬಿಗಿಯನ್ನು ಸರಿಪಡಿಸುತ್ತಿದ್ದನು. ತಿರುಗಲು ಎಷ್ಟು ಬಲ ಬೇಕೆಂಬುದನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆಯುತ್ತಿದ್ದನು. ಬೇರಿಂಗು ಪೂರ್ಣವಾಗಿ ಕೆಟ್ಟಾಗ ಅದನ್ನು ಬದಲಿಸಬೇಕಾಗುತ್ತಿತ್ತೆಂಬುದು ನಿಜ. ಆದರೂ ಅದಕ್ಕೆ ಮುಂಚೆ ಹಲವು ಬಾರಿ ಹೊಂದಿಸಿಕೊಳ್ಳಲು ಅವಕಾಶವಿತ್ತು. ಗ್ರೀಸು ಸೋರುವುದು, ಕೆಸರು ಒಳಹೋಗುವುದು ಈ ರಚನೆಯ ದೋಷಗಳಾಗಿದ್ದವು.

ಬಾಲ್ ಜಾಯಿಂಟು ಬಂದದ್ದು ರಸ್ತೆಯ ಕಾರುಗಳಿಂದ. ಅಮೆರಿಕದಲ್ಲಿ 1952ರ ಲಿಂಕನ್ ಕಾರಿನಲ್ಲಿಯೂ 1954ರ ಫೋರ್ಡ್ ಕಾರಿನಲ್ಲಿಯೂ ಮುಂಭಾಗದ ಸಸ್ಪೆನ್ಷನ್ನಿಗೆ ಇದನ್ನು ಅಳವಡಿಸಲಾಯಿತು. ಬಟ್ಟಲಿನಂತಹ ಕವಚದಲ್ಲಿ ಕುಳಿತ ಉಕ್ಕಿನ ಗುಂಡು, ಅದರಿಂದ ಹೊರಟ ಮೊನಚಿಳಿದ ಕಡ್ಡಿ: ಇಷ್ಟೇ ಅದರ ಸ್ವರೂಪ. ಮೇಲೆ ಕೆಳಗೆ ಚಲಿಸುವುದನ್ನೂ ಎಡಬಲಕ್ಕೆ ತಿರುಗುವುದನ್ನೂ ಒಂದೇ ಕೀಲು ನಿರ್ವಹಿಸಿದ್ದರಿಂದ ಬಿಡಿಭಾಗಗಳ ಸಂಖ್ಯೆ ಇಳಿಯಿತು. ಜೀಪಿನ ನಾಗರಿಕ ರೂಪವಾದ ಸಿಜೆ-5 ವಾಹನವು 1972ರಲ್ಲಿ ಮುಚ್ಚಿದ ಗೋಲವನ್ನು ತ್ಯಜಿಸಿ ಬಾಲ್ ಜಾಯಿಂಟುಗಳುಳ್ಳ ತೆರೆದ ರಚನೆಯನ್ನು ಸ್ವೀಕರಿಸಿತು. ಭಾರವಾದ ಟ್ರಕ್ಕುಗಳ ಕೆಲವು ಆಕ್ಸಲ್ಲುಗಳಲ್ಲಿ ಮಾತ್ರ ಕಿಂಗ್ ಪಿನ್ನು ಬಹುಕಾಲ ಉಳಿಯಿತು.

ಸವೆದ ಬಾಲ್ ಜಾಯಿಂಟಿಗೆ ಶಿಮ್ಮಿನ ಪರಿಹಾರವಿಲ್ಲ. ಅದನ್ನು ತೆಗೆದು ಹೊಸದನ್ನೇ ಹಾಕಬೇಕು. ಈ ಕಾರ್ಯದ ಕ್ರಮವನ್ನು ಗಮನಿಸಿದರೆ ಶ್ರಮವು ಎಲ್ಲಿಗೆ ಸರಿಯಿತೆಂಬುದು ವಿಶದವಾಗುತ್ತದೆ. ವಾಹನವನ್ನು ಎತ್ತಿ ಭದ್ರವಾದ ಊರೆಯ ಮೇಲೆ ನಿಲ್ಲಿಸಿ, ಗಾಲಿ, ಬ್ರೇಕು, ಹಬ್ಬು, ಆಕ್ಸಲ್ಲಿನ ದಂಡ ಇವುಗಳನ್ನು ಒಂದೊಂದಾಗಿ ಕಳಚಬೇಕು. ಕೀಲಿನ ನಟ್ಟುಗಳನ್ನು ಸಡಿಲಿಸಿ, ಆದರೆ ಪೂರ್ತಿ ಬಿಚ್ಚದೆ ಎರಡು ಮೂರು ಸುತ್ತು ಉಳಿಸಿ, ಸುತ್ತಿಗೆಯ ಪೆಟ್ಟಿನಿಂದ ಬಿಡಿಸಬೇಕು. ಇಲ್ಲವಾದರೆ ಭಾರವಾದ ನಕಲ್ ಕಳಚಿ ಕಾಲ ಮೇಲೆ ಬೀಳುವುದು. ಹಳೆಯದನ್ನು ಹೊರದೂಡಲೂ ಹೊಸದನ್ನು ಒಳಗೊತ್ತಲೂ ಪ್ರೆಸ್ಸು ಬೇಕು. ಕೊನೆಗೆ ನಿಗದಿಯಾದ ಬಿಗಿಗೆ ನಟ್ಟನ್ನು ತಿರುಗಿಸಿ ಸ್ಪ್ಲಿಟ್ ಪಿನ್ನು ಹಾಕಬೇಕು. ರಂಧ್ರ ಕೂಡಿಬಾರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಸಬೇಕೇ ಹೊರತು ಸಡಿಲಿಸಕೂಡದು. ಈ ಒಂದು ಕೀಲು ಕಳಚಿದರೆ ಗಾಲಿ ಹೊರಕ್ಕೆ ಮಡಿಚಿಕೊಂಡು, ವಾಹನವು ಚಾಲಕನ ಹಿಡಿತ ತಪ್ಪುತ್ತದೆ.

ಹೀಗೆ ಮೊದಲು ಆಗಾಗ ನಡೆಯುತ್ತಿದ್ದ ಸಣ್ಣ ಹೊಂದಾಣಿಕೆಯ ಸ್ಥಾನದಲ್ಲಿ, ದೀರ್ಘಕಾಲಕ್ಕೊಮ್ಮೆ ನಡೆಯುವ ದೊಡ್ಡ ಬದಲಾವಣೆ ಬಂದಿತು. ನಿಖರತೆಯ ಭಾರವು ಬಹುಮಟ್ಟಿಗೆ ಕಾರ್ಖಾನೆಗೆ ಸಾಗಿತು. ಬಿಡಿಭಾಗ ದೊರೆಯದ ಕಡೆ ವಾಹನ ನಿಂತಲ್ಲಿಯೇ ನಿಲ್ಲುವಂತಾಯಿತು. ಇದನ್ನು ಕೇವಲ ಅವನತಿಯೆನ್ನಲಾಗದು: ಸೋರುವ ಗೋಲದ ಕಾಟ ತಪ್ಪಿತು, ನಿತ್ಯದ ಉಪಚಾರ ಕಡಮೆಯಾಯಿತು. ಕುಶಲತೆಯೂ ನಾಶವಾಗಲಿಲ್ಲ. ಗಾಲಿಯ ಕೆಳಗೆ ಮೀಟುಗೋಲಿಟ್ಟು ಎತ್ತಿ ನೋಡಿ, ಅಲುಗಾಟವು ಬೇರಿಂಗಿನದೋ ಕೀಲಿನದೋ ಎಂದು ನಿರ್ಣಯಿಸುವ ಕೈ ಇಂದಿಗೂ ಬೇಕು. ಆದರೆ ಹೊಂದಿಸುವವನ ಜಾಣ್ಮೆಯು ಪರೀಕ್ಷಿಸುವವನ ಜಾಣ್ಮೆಯಾಗಿ ಮಾರ್ಪಟ್ಟಿತು.

ಪೇಟೆಂಟು ಪತ್ರಗಳಲ್ಲಿ ಈ ಪರಿವರ್ತನೆ ಕಾಣಸಿಗದು. ಅದರ ದಾಖಲೆಗಳಿರುವುದು ವರ್ಕ್‌ಷಾಪಿನ ಕೈಪಿಡಿಗಳಲ್ಲಿ, ಬಿಡಿಭಾಗಗಳ ಪಟ್ಟಿಗಳಲ್ಲಿ, ಮೆಕ್ಯಾನಿಕ್ಕುಗಳ ನೆನಪಿನಲ್ಲಿ. ಗ್ರೀಸು ಮೆತ್ತಿದ ಆ ಪುಟಗಳು ರದ್ದಿಗೆ ಸಲ್ಲುವ ಮುನ್ನ ಅವನ್ನು ಆಕರಗಳೆಂದು ಮನ್ನಿಸಿ ಸಂಗ್ರಹಿಸುವುದು ಇತಿಹಾಸ ವಿಭಾಗಗಳ ಕರ್ತವ್ಯವೇ ಆಗಿದೆ.