ನೂರಕ್ಕೆ ನೂರ ನಲವತ್ನಾಲ್ಕು: ಎರಡು ರೂಪಾಯಿಗಳು ಬೇರೆಯಾದ ಕಥೆ

ಡಾಲರ್ ಎದುರು ರೂಪಾಯಿ ಸ್ವಲ್ಪ ಇಳಿದ್ರೂ ಸಾಕು, ನಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲಿ ದೇಶದ ಮಾನವೇ ಹೋಯ್ತು ಅನ್ನೋ ಥರ ಚರ್ಚೆ ಶುರುವಾಗುತ್ತೆ. ಹಾಗಾದ್ರೆ "ನಮ್ಮ ಕರೆನ್ಸಿ ಬೆಲೆ ಇಳಿಸೋದೇ ಇಲ್ಲ" ಅಂತ ಹಟ ಹಿಡಿದ ದೇಶಕ್ಕೆ ಏನಾಯ್ತು? ಅಂಥದ್ದು ನಮ್ಮ ಪಕ್ಕದಲ್ಲೇ ನಡೆದಿದೆ. ಇವತ್ತು ಭಾರತದ ರೂಪಾಯಿ ಮತ್ತು ಪಾಕಿಸ್ತಾನದ ರೂಪಾಯಿಯ ಕಥೆ ನೋಡೋಣ.

1947ರ ಆಗಸ್ಟ್‌ನಲ್ಲಿ ದೇಶ ಎರಡಾಯ್ತು, ಆದ್ರೆ ದುಡ್ಡು ಎರಡಾಗಲಿಲ್ಲ. 1948ರ ಜೂನ್‌ವರೆಗೆ ಎರಡೂ ದೇಶಗಳಿಗೆ ನಮ್ಮ ರಿಸರ್ವ್ ಬ್ಯಾಂಕೇ ಕೇಂದ್ರ ಬ್ಯಾಂಕ್. ಪಾಕಿಸ್ತಾನದಲ್ಲಿ ಓಡಾಡಿದ್ದು ಭಾರತದ ನೋಟುಗಳೇ, ಮೇಲೆ "ಗವರ್ನಮೆಂಟ್ ಆಫ್ ಪಾಕಿಸ್ತಾನ್" ಅಂತ ಮುದ್ರೆ ಒತ್ತಿರ್ತಿತ್ತು. 1948ರ ಜುಲೈ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಶುರುವಾದ ಮೇಲೂ ಒಂದಕ್ಕೆ ಒಂದೇ ದರ. ಯಾಕಂದ್ರೆ ಎರಡೂ ರೂಪಾಯಿಗಳನ್ನ ಪೌಂಡ್‌ಗೆ ಕಟ್ಟಿಹಾಕಿದ್ರು: ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಡಾಲರ್ ಲೆಕ್ಕದಲ್ಲಿ ಹೇಳೋದಾದ್ರೆ ಒಂದು ಡಾಲರ್‌ಗೆ ಸುಮಾರು 3.31 ರೂಪಾಯಿ. "1947ರಲ್ಲಿ ಒಂದು ಡಾಲರ್‌ಗೆ ಒಂದೇ ರೂಪಾಯಿ ಇತ್ತು" ಅನ್ನೋ ಫಾರ್ವರ್ಡ್ ಸುಳ್ಳು ಅಂತ ಇಲ್ಲೇ ಗೊತ್ತಾಗುತ್ತೆ.

1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡನ್ನ ಅಪಮೌಲ್ಯ ಮಾಡ್ತು. 4.03 ಡಾಲರ್ ಇದ್ದದ್ದು 2.80ಕ್ಕೆ ಇಳೀತು. ನಮ್ಮ ವ್ಯಾಪಾರದ ದೊಡ್ಡ ಪಾಲು ಪೌಂಡ್ ಬಳಸೋ ದೇಶಗಳ ಜೊತೆಗಿತ್ತು. ಹಾಗಾಗಿ ಭಾರತವೂ ಅಷ್ಟೇ ಇಳಿಸ್ತು, ಡಾಲರ್ 4.76 ರೂಪಾಯಿ ಆಯ್ತು. ಆಗ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು ಬೆನಗಲ್ ರಾಮರಾವ್. ಮೂಲ ನಮ್ಮ ದಕ್ಷಿಣ ಕನ್ನಡದ ಮನೆತನ. ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಇವರ ಅಣ್ಣ. ಜುಲೈನಲ್ಲಷ್ಟೇ ಅಧಿಕಾರ ವಹಿಸಿಕೊಂಡಿದ್ದರು.

ಪಾಕಿಸ್ತಾನ ಮಾತ್ರ ಇಳಿಸಲ್ಲ ಅಂತು. ಅವರದ್ದು 3.31ರಲ್ಲೇ ನಿಂತಿತು. ಒಂದೇ ವಾರದಲ್ಲಿ 100 ಪಾಕಿಸ್ತಾನಿ ರೂಪಾಯಿಗೆ 144 ಭಾರತೀಯ ರೂಪಾಯಿ!

ಇದು ಬರೀ ಜಂಬ ಅಲ್ಲ, ಲೆಕ್ಕವೂ ಇತ್ತು. ಜಗತ್ತಿನ ಹೆಚ್ಚಿನ ಸೆಣಬು ಬೆಳೀತಿದ್ದದ್ದು ಪೂರ್ವ ಬಂಗಾಳದಲ್ಲಿ, ಅಂದ್ರೆ ಆಗಿನ ಪೂರ್ವ ಪಾಕಿಸ್ತಾನದಲ್ಲಿ. ಆದ್ರೆ ಗೋಣಿಚೀಲ ನೇಯೋ ಗಿರಣಿಗಳೆಲ್ಲ ಕಲ್ಕತ್ತೆಯ ಹೂಗ್ಲಿ ದಡದಲ್ಲಿ. ಬೆಲೆ ಏರಿದ್ರೂ ಭಾರತ ಕೊಳ್ಳಲೇಬೇಕು, ನಮಗೆ ಬೇಕಾದ ಯಂತ್ರಗಳು ಹೊರಗಿಂದ ಅಗ್ಗಕ್ಕೆ ಬರ್ತವೆ ಅನ್ನೋದು ಕರಾಚಿಯ ಯೋಚನೆ.

ಭಾರತ ಆ ದರವನ್ನೇ ಒಪ್ಪಲಿಲ್ಲ. ನಿನ್ನೆ 100 ರೂಪಾಯಿಗೆ ಸಿಗ್ತಿದ್ದ ಸೆಣಬಿಗೆ ಇವತ್ತು 144 ಕೊಡೋದು ಹೇಗೆ? ವ್ಯಾಪಾರ ಬಹುತೇಕ ನಿಂತೇಹೋಯ್ತು. ಗಿರಣಿಗಳು ಕೆಲಸದ ಗಂಟೆ ಕಡಿತ ಮಾಡಿದ್ವು. ಪಾಕಿಸ್ತಾನಕ್ಕೆ ಹೋಗ್ತಿದ್ದ ಭಾರತದ ಕಲ್ಲಿದ್ದಲು ನಿಂತಿತು. ನಮ್ಮಲ್ಲಿ ಅನ್ನಕ್ಕೇ ಕೊರತೆ ಇದ್ದ ಕಾಲದಲ್ಲಿ ಭತ್ತದ ಗದ್ದೆಗಳಿಗೂ ಸೆಣಬು ಬಂತು. ಆ ಕಡೆ ಪೂರ್ವ ಬಂಗಾಳದ ರೈತನಿಗೆ ದೊಡ್ಡ ಗಿರಾಕಿಯೇ ಇಲ್ಲ. ಎರಡು ವರ್ಷದ ಹಿಂದೆ ನಕ್ಷೆಯಲ್ಲಿ ಎಳೆದ ಗೆರೆ ಸಂತೆಗೂ ಬಂದು ಮುಟ್ಟಿದ್ದು ಆಗ.

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯ್ತು. ಸೆಣಬು, ಹತ್ತಿಯ ಬೆಲೆ ಗಗನಕ್ಕೆ ಏರಿತು. ಪಾಕಿಸ್ತಾನಕ್ಕೆ ಹೊಸ ಗಿರಾಕಿಗಳು ಸಿಕ್ಕಿದ್ರು. 1951ರ ಫೆಬ್ರವರಿಯಲ್ಲಿ ಭಾರತ ಸೋತು ಆ ದರವನ್ನ ಒಪ್ಪಿಕೊಳ್ತು. ಅಲ್ಲಿಗೆ ಹಟ ಗೆದ್ದಂತೆ ಕಾಣುತ್ತೆ, ಅಲ್ವಾ?

ಯುದ್ಧದ ಬೇಡಿಕೆ ಇಳಿದ ಮೇಲೆ ನಿಜವಾದ ಬಿಲ್ ಬಂತು. ರಫ್ತಿನ ಬೆಲೆ ಕುಸೀತು, ವಿದೇಶಿ ವಿನಿಮಯ ಕರಗಿತು, ಆಮದಿಗೆ ಲೈಸೆನ್ಸ್ ಕಡ್ಡಾಯವಾಯ್ತು. ಈಗ ಸುಮ್ನೆ ಲೆಕ್ಕ ಹಾಕಿ. ಸೆಣಬು ಮಾರಿ ದೇಶಕ್ಕೆ ಒಂದು ಡಾಲರ್ ತಂದುಕೊಟ್ಟ ಬಂಗಾಳದ ರೈತನ ಸರಕಿಗೆ ಸಿಗೋದು 3.31 ರೂಪಾಯಿ. ಭಾರತದ ದರವಿದ್ದಿದ್ರೆ 4.76 ಸಿಗ್ತಿತ್ತು. ಆ ಅಗ್ಗದ ಡಾಲರ್ ಹೋಗಿದ್ದು ಲೈಸೆನ್ಸ್ ಇದ್ದವರ ಕೈಗೆ, ಅವರಲ್ಲಿ ಹೆಚ್ಚಿನವರು ಪಶ್ಚಿಮದವರು. "ನಾವು ದುಡಿದು ತಂದ ವಿದೇಶಿ ಹಣ ಪಶ್ಚಿಮಕ್ಕೆ ಹೋಗ್ತಿದೆ" ಅನ್ನೋ ಪೂರ್ವದವರ ಸಿಟ್ಟು ಮುಂದೆ ದೊಡ್ಡ ರಾಜಕೀಯವಾಯ್ತು, 1971ರಲ್ಲಿ ಬಾಂಗ್ಲಾದೇಶ ಹುಟ್ಟೋದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು.

ಕೊನೆಗೆ 1955ರಲ್ಲಿ ಪಾಕಿಸ್ತಾನವೂ 4.76ಕ್ಕೆ ಇಳಿಸ್ತು. ಮತ್ತೆ ಒಂದಕ್ಕೆ ಒಂದು. 1966ರ ಜೂನ್ 6ಕ್ಕೆ ಭಾರತ ಡಾಲರ್‌ಗೆ 7.50 ಮಾಡ್ತು. ಆಗ 100 ಪಾಕಿಸ್ತಾನಿ ರೂಪಾಯಿಗೆ ಸುಮಾರು 157 ನಮ್ಮದು. 1972ರ ಮೇನಲ್ಲಿ, ಸೆಣಬಿನ ನಾಡನ್ನ ಕಳೆದುಕೊಂಡ ಪಾಕಿಸ್ತಾನ 11ಕ್ಕೆ ಇಳಿಸಿದಾಗ ತಕ್ಕಡಿ ತಿರುಗಿತು. ಈಗ ನಮ್ಮ ಒಂದು ರೂಪಾಯಿಗೆ ಅವರದ್ದು ಸುಮಾರು ಮೂರು.

ಹಾಗಂತ ಇಳಿಸೋದೇ ಒಳ್ಳೇದು ಅಂತ ನಾನು ಹೇಳ್ತಿಲ್ಲ. ರೂಪಾಯಿ ಇಳಿದ್ರೆ ನನ್ನಂಥ ಐಟಿಯವರ ಕಂಪನಿಗಳಿಗೆ ಅನುಕೂಲ, ಆದ್ರೆ ಆಮದಾಗೋ ಅಡುಗೆ ಎಣ್ಣೆ ಕೊಳ್ಳೋ ಎಲ್ಲ ಮನೆಗೂ ಹೊರೆ. ಆದ್ದರಿಂದ ಮುಂದಿನ ಸಲ ಗ್ರೂಪ್‌ನಲ್ಲಿ ಮಾನದ ಮಾತು ಬಂದಾಗ, ಈ ದರದಲ್ಲಿ ಮಾರೋರು ಯಾರು, ಕೊಳ್ಳೋರು ಯಾರು ಅಂತ ಒಂದ್ಸಲ ಕೇಳಿ ನೋಡಿ. 1949ರಲ್ಲಿ ಸೆಣಬು ಬೆಳೆದವನನ್ನ ಆ ಪ್ರಶ್ನೆ ಯಾರೂ ಕೇಳಲಿಲ್ಲ.