ಕಾರಿಲ್ಲದ ಭಾನುವಾರಗಳು



ಸೈಕಲ್ ಎಂದಕೂಡಲೇ ನಿಮಗೇನು ನೆನಪಾಗುತ್ತದೆ? ಗಂಟೆಗಿಷ್ಟು ಎಂದು ಬಾಡಿಗೆಗೆ ತಂದು, ಒಳಪೆಡಲು ಹೊಡೆಯುತ್ತಾ ಮೊಣಕಾಲು ತರಚಿಕೊಂಡ ಊರ ಬೀದಿ ತಾನೆ? ಆಮೇಲೆ ನೌಕರಿಗೆಂದು ಮುಂಬೈಗೋ, ಪುಣೆಗೋ, ಚೆನ್ನೈಗೋ ಬಂದೆವು. ಸೈಕಲ್ ಊರಲ್ಲೇ ಉಳಿಯಿತು. ಈಗ ಮಕ್ಕಳು ಕೇಳಿದರೆ ಕೊಡಿಸುತ್ತೇವೆ, ಆದರೆ ಗೇಟು ದಾಟಬಾರದು ಎಂಬ ಷರತ್ತಿನ ಮೇಲೆ. "ಇದೇನು ಹಾಲೆಂಡೇ? ಅಲ್ಲಿಯವರಿಗೆ ಸೈಕಲ್ ರಕ್ತದಲ್ಲೇ ಬಂದಿದೆ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆ ಮಾತು ಎಷ್ಟು ನಿಜ? ಈ ಸಲ ಆ ಕಥೆಯನ್ನೇ ನೋಡೋಣ ಬನ್ನಿ.

ನಾವು ರೂಢಿಯಲ್ಲಿ ಹಾಲೆಂಡ್ ಎನ್ನುವ ನೆದರ್‌ಲೆಂಡ್ಸ್, ಎರಡನೇ ಮಹಾಯುದ್ಧಕ್ಕೆ ಮುಂಚೆ ಸೈಕಲ್ಲುಗಳ ನಾಡೇ ಆಗಿತ್ತು. ಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಅಲ್ಲಿಯವರೂ ನಮ್ಮ ಹಾಗೆಯೇ ಕಾರು ಕೊಂಡರು. ಕಾರಿಗೆ ಜಾಗ ಬೇಕಲ್ಲ? ಮನೆಗಳನ್ನು ಕೆಡವಿ ರಸ್ತೆ ಅಗಲ ಮಾಡಿದರು. ಜನ ಸೇರುತ್ತಿದ್ದ ಚೌಕಗಳು ಕಾರು ನಿಲ್ಲಿಸುವ ತಾಣಗಳಾದವು. 1954ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೊಲೀಸ್ ಮುಖ್ಯಸ್ಥ ಕಾಸ್‌ಯಾಗರ್, ನಗರದ ಕಾಲುವೆಗಳನ್ನೇ ಮುಚ್ಚಿ ರಸ್ತೆ ಮಾಡೋಣ ಎಂದರು! ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ ಕಟ್ಟಿದ ಬೆಂಗಳೂರನ್ನು ಬಲ್ಲ ನಮಗೆ ಇದೇನೂ ವಿಚಿತ್ರವಲ್ಲ. ಪುಣ್ಯಕ್ಕೆ ಅವರ ಯೋಜನೆ ಜಾರಿಯಾಗಲಿಲ್ಲ.

ಆದರೂ ಬೆಲೆ ತೆರಬೇಕಾಯಿತು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಆರು ವರ್ಷದ ಮಗಳೂ ಅವರಲ್ಲೊಬ್ಬಳು. ಮರುವರ್ಷ ಆ ತಂದೆ 'ಡೆ ಟೈಡ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತಲೆಬರಹ, 'ಮಕ್ಕಳ ಕೊಲೆ ನಿಲ್ಲಿಸಿ'. ಗಮನಿಸಿ, ಅವರು ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ಅದೇ ಹೆಸರಿನಲ್ಲಿ ತಂದೆತಾಯಿಗಳ ಚಳವಳಿಯೇ ಶುರುವಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟನ್. ಜನ ಸೈಕಲ್ ಮೆರವಣಿಗೆ ತೆಗೆದರು. ರಸ್ತೆಗೆ ಅಡ್ಡ ಕಟ್ಟಿ ಮಕ್ಕಳನ್ನು ಆಡಲು ಬಿಟ್ಟರು.

ಅಷ್ಟರಲ್ಲಿ 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧ ಬಂತು. ಅರಬ್ ದೇಶಗಳು ನೆದರ್‌ಲೆಂಡ್ಸಿಗೆ ತೈಲ ನಿಲ್ಲಿಸಿದವು. ಪೆಟ್ರೋಲು ಉಳಿಸಲೆಂದು ಪ್ರಧಾನಿ ಯೋಪ್ ಡೆನ್ ಔಲ್ ಅವರ ಸರ್ಕಾರ ನವೆಂಬರ್ 4ರಿಂದ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು, ಮಕ್ಕಳು ಚಕ್ರದ ಬೂಟು ತೊಟ್ಟು ಜಾರಿದರು, ಕೆಲವರು ಕುದುರೆಯೇರಿ ಹೊರಟರು. ಕಷ್ಟವೆಂದು ಬಂದದ್ದು ಹಬ್ಬವಾಯಿತು. ಕಾರಿಲ್ಲದ ಊರು ಹೇಗಿರುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡರು. ಅದೇ ನವೆಂಬರಿನಲ್ಲಿ ಇತ್ತ ದೆಹಲಿಯಲ್ಲಿ ಪೆಟ್ರೋಲ್ ಬೆಲೆಯೇರಿಕೆಯನ್ನು ವಿರೋಧಿಸಿ ವಾಜಪೇಯಿಯವರು ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದಿದ್ದು ದೆಹಲಿಯ ಹಿರಿಯ ಕೇಳುಗರಿಗೆ ನೆನಪಿರಬಹುದು.

ತೈಲ ಮತ್ತೆ ಬಂತು, ಆದರೆ ಒತ್ತಾಯ ನಿಲ್ಲಲಿಲ್ಲ. 1975ರಲ್ಲಿ ಸೈಕಲ್ ಸವಾರರು ತಮ್ಮದೇ ಸಂಘ ಕಟ್ಟಿದರು. ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಪ್ರಯೋಗಕ್ಕೆಂದು ಪ್ರತ್ಯೇಕ ಸೈಕಲ್ ದಾರಿ ಮಾಡಿಸಿತು. ಹೇಗ್‌ನಲ್ಲಿ ಅಂಗಡಿಯವರು ವ್ಯಾಪಾರ ಕೆಡುತ್ತದೆಂದು ಕೂಗಾಡಿದರು. ಒಂದೊಂದು ದಾರಿಯಿಂದ ಪ್ರಯೋಜನ ಕಡಿಮೆ, ಮನೆಬಾಗಿಲಿಂದ ಶಾಲೆ, ಸಂತೆ, ಸ್ಟೇಷನ್ನಿನವರೆಗೂ ಕಡಿಯದೆ ಸಾಗುವ ಜಾಲ ಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು. 1980ರ ದಶಕದಲ್ಲಿ ಡೆಲ್ಫ್ಟ್ ನಗರ ಅಂಥ ಜಾಲ ಹೆಣೆದು ತೋರಿಸಿತು.

ಇಂದು ಅಲ್ಲಿನ ಒಟ್ಟು ಓಡಾಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೈಕಲ್ ಮೇಲೆಯೇ. ಅಲ್ಲಿ ಕಾರಿಲ್ಲವೆಂದಲ್ಲ, ಬೇಕಾದಷ್ಟಿವೆ. ಹಾಲು ತರುವುದಕ್ಕೂ ಕಾರೇ ಬೇಕೆಂಬ ಅನಿವಾರ್ಯ ಇಲ್ಲ, ಅಷ್ಟೇ. ರಸ್ತೆಯಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ 700ರ ಆಸುಪಾಸಿಗೆ ಇಳಿದಿದೆ.

ಪುಣೆಯ ಕೇಳುಗರೇ, ನಿಮ್ಮ ಊರನ್ನೂ ಒಂದು ಕಾಲದಲ್ಲಿ ಸೈಕಲ್ಲುಗಳ ನಗರ ಎಂದೇ ಕರೆಯುತ್ತಿದ್ದರು. ಸ್ಕೂಟರ್, ಬೈಕುಗಳು ಬಂದು ಆ ಹೆಸರು ಅಳಿಸಿಹೋಯಿತು. ಎರಡೂ ಕಡೆ ಆರಂಭ ಒಂದೇ, ಸೈಕಲ್ ಬಿಟ್ಟದ್ದೂ ಒಂದೇ. ವ್ಯತ್ಯಾಸ ರಕ್ತದಲ್ಲಿಲ್ಲ. ಸತ್ತ ಮಕ್ಕಳ ಲೆಕ್ಕವನ್ನು ಅಲ್ಲಿಯ ತಂದೆತಾಯಿಗಳು ವಿಧಿ ಎಂದು ಒಪ್ಪಿಕೊಳ್ಳಲಿಲ್ಲ.

ನಿಮ್ಮ ಮಗು ಗೇಟು ದಾಟಿ ಸೈಕಲ್ ತುಳಿಯಬೇಕಾದರೆ ನಿಮ್ಮ ಬೀದಿಯಲ್ಲಿ ಮೊದಲು ಏನು ಬದಲಾಗಬೇಕು? ಬರೆದು ತಿಳಿಸಿ. ಬರುವ ವಾರ ನಿಮ್ಮ ಪತ್ರಗಳನ್ನು ಓದೋಣ.